ಪಾರ್ಶ್ವವಾಯುವಿನ ನಂತರ ನಿಂತಾಗ ಓಲಾಡುವವರಿಗೆ ಮನೆಯಲ್ಲಿ ಯಾವ ವ್ಯಾಯಾಮ ಮಾಡಿಸಬಹುದು?

ಎಡಭಾಗಕ್ಕೆ ಪಾರ್ಶ್ವವಾಯು ಬಡಿದ ನಿಮ್ಮ ತಂದೆಯವರು ಈಗ ತಾವಾಗಿಯೇ ಕುಳಿತುಕೊಳ್ಳುತ್ತಾರೆ, ಆದರೆ ಎದ್ದು ನಿಂತ ಕೂಡಲೇ ಓಲಾಡುತ್ತಾರೆ, ವಾರಕ್ಕೆರಡು ಬಾರಿ ಬರುವ ಫಿಸಿಯೋಥೆರಪಿಯ ಜೊತೆಗೆ ಮನೆಯಲ್ಲಿ ಏನು ಮಾಡಿಸಬಹುದು ಎಂದು ಕೇಳಿದ್ದೀರಿ. ಇಂಥ ರೋಗಿಗಳ ಜೊತೆ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್ ಆಗಿ ನಾನು ಮೊದಲು ಗಮನಿಸುವುದು ಮೈಭಾರ ಯಾವ ಕಾಲಿನ ಮೇಲಿದೆ ಎಂಬುದನ್ನು. ಬಹುತೇಕರು ಶಕ್ತಿಯಿರುವ ಕಾಲಿನ ಮೇಲೆಯೇ ನಿಲ್ಲುತ್ತಾರೆ. ಬಿದ್ದುಬಿಟ್ಟಾರೆಂಬ ಭಯದಿಂದ ಮನೆಯವರೂ ಅದೇ ಕಡೆಗೆ ಎಳೆದು ಹಿಡಿದಿರುತ್ತಾರೆ. ಹೀಗಾದರೆ ಬಲಹೀನ ಕಾಲಿಗೆ ದೇಹವನ್ನು ಹೊರುವ ಅಭ್ಯಾಸವೇ ಆಗುವುದಿಲ್ಲ, ಆ ಅಭ್ಯಾಸವಿಲ್ಲದೆ ಸಮತೋಲನ ಮರಳುವುದು ಕಷ್ಟ.

ಕುರ್ಚಿಯಿಂದ ಎದ್ದು ಕೂರುವುದನ್ನೇ ಮುಖ್ಯ ವ್ಯಾಯಾಮವಾಗಿ ಮಾಡಿಸಿ. ಕೈಯಿರುವ, ಅಲುಗಾಡದ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಆರಂಭದಲ್ಲಿ ಗಟ್ಟಿಯಾದ ದಿಂಬು ಹಾಕಿ ಅದರ ಎತ್ತರ ಹೆಚ್ಚಿಸಿ. ಎರಡೂ ಪಾದಗಳು ನೆಲಕ್ಕೆ ಪೂರ್ತಿ ಊರಿರಲಿ, ಎಡಪಾದ ಬಲಪಾದಕ್ಕಿಂತ ತುಸು ಹಿಂದಿರಲಿ; ಹಿಂದಿರುವ ಕಾಲು ಏಳುವಾಗ ತಾನಾಗಿಯೇ ಹೆಚ್ಚು ಭಾರ ಹೊರುತ್ತದೆ. ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ನಂತರ ಏಳಲು ಹೇಳಿ. ಕೂರುವಾಗ ಧೊಪ್ಪೆಂದು ಕುಸಿಯದೆ ನಿಧಾನವಾಗಿ ಇಳಿಯುವುದು ಏಳುವುದಕ್ಕಿಂತ ಕಷ್ಟ, ಅಷ್ಟೇ ಪ್ರಯೋಜನಕಾರಿ ಕೂಡ. ಸಲೀಸಾದಂತೆ ದಿಂಬು ತೆಗೆಯಿರಿ.

ಇದು ರೂಢಿಯಾದ ಮೇಲೆ ಅಡುಗೆಮನೆಯ ಕಟ್ಟೆಯ ಮುಂದೆ ನಿಲ್ಲಿಸಿ, ಎಡಬದಿಗೆ ತುಸು ದೂರದಲ್ಲಿಟ್ಟ ಲೋಟವನ್ನು ಬಲಗೈಯಿಂದ ಎತ್ತಿಕೊಳ್ಳಲು ಹೇಳಿ. ಕೈ ಅತ್ತ ಚಾಚಿದಾಗ ಮೈಭಾರವೂ ಅತ್ತ ಸರಿಯುತ್ತದೆ. ಮುಂದಿನ ಹಂತದಲ್ಲಿ, ಜಾರದ ತಗ್ಗು ಮಣೆಯ ಮೇಲೆ ಬಲಪಾದವನ್ನು ಇಟ್ಟು ತೆಗೆಯುವುದನ್ನು ಮಾಡಿಸಬಹುದು. ಆ ಕ್ಷಣ ಎಡಗಾಲೇ ದೇಹವನ್ನು ಹೊರಬೇಕಾಗುತ್ತದೆ. ನೀವು ಸದಾ ಎಡಬದಿಯಲ್ಲಿ, ಸ್ವಲ್ಪ ಹಿಂದೆ ನಿಂತು, ಸೊಂಟಕ್ಕೆ ಕಟ್ಟಿದ ಅಗಲವಾದ ಬೆಲ್ಟನ್ನು ಹಿಡಿದುಕೊಳ್ಳಿ. ಎಡಗೈಯನ್ನಾಗಲಿ ಕಂಕುಳನ್ನಾಗಲಿ ಹಿಡಿದು ಎತ್ತಲೇಬೇಡಿ, ಏಕೆಂದರೆ ಸ್ನಾಯುಗಳು ಸಡಿಲವಾಗಿರುವ ಭುಜದ ಕೀಲು ಸುಲಭವಾಗಿ ಜಾರುತ್ತದೆ ಮತ್ತು ಆ ನೋವು ತಿಂಗಳುಗಟ್ಟಲೆ ಕಾಡಬಹುದು.

ಒಂದು ವಿಷಯವನ್ನು ವಿಶೇಷವಾಗಿ ನೋಡಿಕೊಳ್ಳಿ. ಕೆಲವರು ಬಲಗೈಯಿಂದ ತಮ್ಮನ್ನು ತಾವೇ ಎಡಕ್ಕೆ ತಳ್ಳಿಕೊಳ್ಳುತ್ತಾರೆ, ನೇರಕ್ಕೆ ತರಲು ಹೋದರೆ ಇನ್ನಷ್ಟು ತಳ್ಳುತ್ತಾರೆ. ಇದು ಹಟವಲ್ಲ, ದೇಹ ನೇರವಾಗಿದೆಯೇ ಎಂಬ ಅರಿವೇ ಮೆದುಳಿನಲ್ಲಿ ವಾಲಿರುತ್ತದೆ. ಅಂಥವರನ್ನು ಒತ್ತಾಯದಿಂದ ತಿದ್ದುವ ಬದಲು ಎದುರಿಗಿರುವ ಬಾಗಿಲಿನ ಚೌಕಟ್ಟನ್ನು ತೋರಿಸಿ, ಅದರ ನೇರಕ್ಕೆ ತಾವೇ ಬರುವಂತೆ ಹೇಳಬೇಕು. ನಿಮ್ಮ ತಂದೆಯವರಲ್ಲಿ ಈ ಲಕ್ಷಣ ಕಂಡರೆ ಮೇಲಿನ ನಿಂತು ಮಾಡುವ ವ್ಯಾಯಾಮಗಳನ್ನು ನೀವಾಗಿಯೇ ಆರಂಭಿಸಬೇಡಿ, ಫಿಸಿಯೋಥೆರಪಿಸ್ಟ್‌ಗೆ ತಿಳಿಸಿ.

ಅವರು ಮುಂದಿನ ಸಲ ಬಂದಾಗ ಬರ್ಗ್ ಸಮತೋಲನ ಪರೀಕ್ಷೆ ಮಾಡಲು ಕೇಳಿಕೊಳ್ಳಿ. ಅದರಲ್ಲಿ 14 ಚಟುವಟಿಕೆಗಳಿವೆ, ಒಟ್ಟು ಅಂಕ 56. ಅಂಕ ಎಲ್ಲಿ ಕಡಿಮೆಯಾಗಿದೆ ಎಂದು ತಿಳಿದರೆ ಯಾವುದನ್ನು ಹೆಚ್ಚು ಮಾಡಿಸಬೇಕೆಂಬುದು ಸ್ಪಷ್ಟವಾಗುತ್ತದೆ. ಅಲ್ಲಿಯವರೆಗೆ ಬಚ್ಚಲುಮನೆಗೆ ಒಬ್ಬರೇ ಹೋಗಲು ಬಿಡಬೇಡಿ, ಅಲ್ಲಿ ಗೋಡೆಗೆ ಹಿಡಿಕೆಯನ್ನು ಈಗಲೇ ಹಾಕಿಸಿ.