ತೋಟದ ಕೋವಿ: ಕಾಸರಗೋಡಿನಿಂದ ಒಂದು ಉತ್ತರ

ಬದಿಯಡ್ಕದ ಆಸುಪಾಸಿನಲ್ಲಿ ಅಡಿಕೆ ತೋಟವೊಂದನ್ನು ಕೊಳ್ಳುವ ಯೋಚನೆಯಲ್ಲಿರುವ ತಾವು, ನಮ್ಮ ಕಡೆಯ ಮನೆಗಳಲ್ಲಿ ಕೋವಿ ಇಟ್ಟುಕೊಳ್ಳುವುದು ರೂಢಿಯೇ, ಅದನ್ನು ಹಿಡಿದು ಓಡಾಡಿದರೆ ಜನ ಏನೆನ್ನುತ್ತಾರೆ, ಕಾನೂನು ಏನೆನ್ನುತ್ತದೆ ಎಂದು ಕೇಳಿದ್ದೀರಿ. ಕಾಸರಗೋಡಿನ ಕನ್ನಡಿಗರ ಮನೆಗಳಲ್ಲಿ ಕೋವಿ ಉಂಟು, ಆದರೆ ಮನೆಮನೆಯಲ್ಲಿ ಇಲ್ಲ. ಇರುವಲ್ಲಿಯೂ ಅದು ತೋಟದ ಲೆಕ್ಕಕ್ಕೆ ಸೇರಿದ ವಸ್ತುವೇ ಹೊರತು ಯಜಮಾನನ ಸೊಂಟಕ್ಕೆ ಸೇರಿದ್ದಲ್ಲ. ದೇಲಂಪಾಡಿ, ಬೆಳ್ಳೂರು, ಎಣ್ಮಕಜೆ, ಪೈವಳಿಕೆಯಂತಹ ಪಂಚಾಯತುಗಳಲ್ಲಿ, ಗುಡ್ಡದ ಬುಡಕ್ಕೆ ತಾಗಿಕೊಂಡು ತೋಟವಿರುವ ಕೆಲವು ಹಳೆಯ ಮನೆಗಳಲ್ಲಿ ಒಂಟಿನಳಿಗೆಯದೋ ಜೋಡಿನಳಿಗೆಯದೋ ಒಂದು ತೋಟಾ (ಕಾರ್ಟ್ರಿಜ್) ಹಾಕುವ ಕೋವಿ, ಅಪರೂಪಕ್ಕೆ ನಳಿಗೆಗೆ ಮದ್ದು ತುಂಬಿ ಕೇಪಿನಿಂದ ಸಿಡಿಸುವ ಅಜ್ಜನ ಕಾಲದ ಕೋವಿ ಸಿಗುತ್ತದೆ. ಪೇಟೆಯವರು ಮತ್ತು ಕಡಲ ಬದಿಯ ಊರಿನವರು ಕೋವಿಯನ್ನು ಕಂಡಿದ್ದರೆ ಅದು ಬ್ಯಾಂಕಿನ ಬಾಗಿಲಲ್ಲಿ ನಿಂತ ಕಾವಲುಗಾರನ ಹೆಗಲಿನಲ್ಲಿ ಮಾತ್ರ.

ದೂರದ ಊರಿನವರು ನಮ್ಮನ್ನು ಕೊಡಗಿನವರೊಡನೆ ಸೇರಿಸಿ ಮಾತನಾಡುವುದುಂಟು. ಪಾಣತ್ತೂರಿನಿಂದ ಘಟ್ಟ ಹತ್ತಿದರೆ ಭಾಗಮಂಡಲ ಸಿಗುತ್ತದೆ ಎಂಬುದು ನಿಜ. ಆದರೆ ಆ ಘಟ್ಟ ಹತ್ತುವಷ್ಟರಲ್ಲಿ ಕಾನೂನೇ ಬದಲಾಗಿರುತ್ತದೆ. ಕೊಡವರಿಗೂ ಅಲ್ಲಿಯ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ 1959ರ ಆಯುಧ ಕಾಯ್ದೆಯಡಿ ಪರವಾನಗಿಯಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ, ಅಂದರೆ 2029ರವರೆಗೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿ ಕುಲದ ಗುರುತು, ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪ್ರಧಾನ ಪೂಜೆ. ನಮ್ಮಲ್ಲಿಯೂ ಆಯುಧಪೂಜೆಯ ದಿನ ಕೋವಿಗೆ ಗಂಧ ಹಚ್ಚುವವರಿದ್ದಾರೆ, ಆದರೆ ಹಾರೆ, ಕತ್ತಿ, ಪಂಪ್‌ಸೆಟ್ಟುಗಳ ಸಾಲಿನಲ್ಲಿ, ಅವುಗಳಿಗಿಂತ ಒಂದು ಹೂವು ಹೆಚ್ಚಿಲ್ಲದೆ. ತುಳುನಾಡಿನ ಭೂಮಿಪೂಜೆಯ ಹಬ್ಬವಾದ ಕೆಡ್ಡಸದ ದಿನ ಊರವರೆಲ್ಲ ಸೇರಿ ಬೋಂಟೆಗೆ, ಅಂದರೆ ಬೇಟೆಗೆ, ಹೋಗುತ್ತಿದ್ದ ಕಾಲವೊಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನಂತರ ಬೇಟೆ ಎಂಬುದು ಹಿರಿಯರ ಮಾತಿನಲ್ಲಿ ಮಾತ್ರ ಉಳಿಯಬೇಕಾದ ಸಂಗತಿ. ಪೂರ್ತಿಯಾಗಿ ಹಾಗೆಯೇ ಉಳಿದಿದೆ ಎಂದು ನಾನು ಪ್ರಮಾಣ ಮಾಡಲಾರೆ.

ನಮಗೆ ಅನ್ವಯಿಸುವುದು ದೇಶದ ಉಳಿದೆಲ್ಲರಿಗೂ ಅನ್ವಯಿಸುವ ಕಾನೂನೇ. ಪರವಾನಗಿ ಕೊಡುವವರು ಜಿಲ್ಲಾ ದಂಡಾಧಿಕಾರಿ, ಅಂದರೆ ವಿದ್ಯಾನಗರದಲ್ಲಿ ಕುಳಿತಿರುವ ಕಲೆಕ್ಟರರು. ಈ ಒಂದು ಕಚೇರಿಯ ವಿಳಾಸದಲ್ಲಿಯೇ ಗಡಿನಾಡಿನ ಚರಿತ್ರೆ ಅಡಗಿದೆ: 1956ರ ನವೆಂಬರ್ 1ರ ಮೊದಲು ನಮ್ಮ ಹಿರಿಯರು ಕೋವಿಯ ಕಾಗದಕ್ಕಾಗಿ ಮಂಗಳೂರಿಗೆ ಹೋಗುತ್ತಿದ್ದರು, ರಾಜ್ಯ ಪುನರ್ವಿಂಗಡಣೆಯ ಬಳಿಕ ಕಣ್ಣೂರಿಗೆ ಹೋಗಬೇಕಾಯಿತು, 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ ಮೇಲಷ್ಟೇ ಕಚೇರಿ ಹತ್ತಿರ ಬಂತು. ತೋಟ ಇದ್ದಲ್ಲಿಯೇ ಇತ್ತು, ಹಂದಿಯೂ ಇದ್ದಲ್ಲಿಯೇ ಇತ್ತು.

ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಬೆಳೆ ರಕ್ಷಣೆಗೆಂದು ಕೇಳುವವನು ಭೂತೆರಿಗೆಯ ರಶೀದಿ, ವಿಲೇಜ್ ಆಫೀಸಿನ ಪೊಸೆಷನ್ ಸರ್ಟಿಫಿಕೇಟು, ವೈದ್ಯರ ಪ್ರಮಾಣಪತ್ರ, ಕೋವಿ ಬಳಸುವ ತರಬೇತಿ ಪಡೆದ ದಾಖಲೆ ಇವನ್ನೆಲ್ಲ ಒದಗಿಸಬೇಕು; ಅಲ್ಲಿಂದ ಮುಂದೆ ಪೊಲೀಸ್, ಕಂದಾಯ, ಅರಣ್ಯ ಇಲಾಖೆಗಳ ವರದಿಗಳಿಗಾಗಿ ಕಾಯಬೇಕು. 2016ರ ಆಯುಧ ನಿಯಮಗಳು ಪೊಲೀಸ್ ವರದಿಗೆ ಗಡುವು ಹಾಕಿವೆ ಎಂಬುದನ್ನು ಓದಿ ಸಮಾಧಾನಪಟ್ಟುಕೊಳ್ಳಬಹುದು. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ಬಳಿಕ ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವ ಅವಕಾಶವಿಲ್ಲ, ಪರವಾನಗಿಯ ಅವಧಿ ಮಾತ್ರ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಕನ್ನಡದಲ್ಲಿ ಅರ್ಜಿ ಸಲ್ಲಿಸುವ ಹಕ್ಕು ಭಾಷಾ ಅಲ್ಪಸಂಖ್ಯಾತರಾದ ನಮಗೆ ಇದೆ. ಆದರೆ ವಿಚಾರಣೆಗೆ ಮನೆಗೆ ಬಂದವರು ಬರೆದುಕೊಳ್ಳುವ ಹೇಳಿಕೆ ಮಲಯಾಳದಲ್ಲಿರುತ್ತದೆ, ಓದಲು ಬಾರದ ಅಜ್ಜಂದಿರು ಅದರ ಕೆಳಗೆ ಕನ್ನಡದಲ್ಲಿ ರುಜು ಹಾಕುತ್ತಾರೆ. ನನ್ನ ನವೀಕರಣದ ಸಂದರ್ಭದಲ್ಲಿ ಓದಿಹೇಳಲು ಕೇಳಿದ್ದಕ್ಕೆ, ಕೋವಿ ಇಟ್ಟುಕೊಳ್ಳುವಷ್ಟು ವರ್ಷ ಇಲ್ಲಿದ್ದೂ ಮಲಯಾಳ ಓದಲು ಕಲಿಯಲಿಲ್ಲವೇ ಎಂಬ ಮರುಪ್ರಶ್ನೆ ಬಂತು. ಕೊನೆಗೆ ಓದಿ ಹೇಳಿದರು ಎಂಬುದನ್ನೂ ಹೇಳಬೇಕು.

ಗಡಿಯಲ್ಲಿ ಬದುಕುವವನಿಗೆ ಇವೆಲ್ಲಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಪರವಾನಗಿ ಎಲ್ಲಿಯವರೆಗೆ ಸಿಂಧು ಎಂಬುದನ್ನು ಅದರಲ್ಲಿಯೇ ನಮೂದಿಸಿರುತ್ತಾರೆ. ಬೆಳೆ ರಕ್ಷಣೆಯ ಕೋವಿಯ ಮಟ್ಟಿಗೆ ಅದು ರಾಜ್ಯದ ಗಡಿಯನ್ನು ದಾಟುವುದು ತೀರ ಅಪರೂಪ. ಇಲ್ಲಿಯೋ, ಒಂದೇ ಕುಟುಂಬದ ಮನೆ ಎಣ್ಮಕಜೆಯಲ್ಲಿ, ಮೇಲಿನ ತೋಟ ಪುತ್ತೂರು ತಾಲೂಕಿನಲ್ಲಿ. ದೇಲಂಪಾಡಿಯಲ್ಲಿ ಊಟ ಮಾಡಿ ಸುಳ್ಯದ ಕಡೆಯ ತೋಟಕ್ಕೆ ನೀರು ಬಿಡಲು ಹೋಗುವವರಿದ್ದಾರೆ. ಹಂದಿಯ ಹಿಂಡು ಸಂಜೆ ಆ ರಾಜ್ಯದಲ್ಲಿ ಮರಗೆಣಸು ಅಗೆದು ನಡುರಾತ್ರಿ ಈ ರಾಜ್ಯದಲ್ಲಿ ಬಾಳೆಯ ಕಂದು ಕೀಳುತ್ತದೆ. ಯಜಮಾನನು ಕೋವಿ ಹಿಡಿದು ಗಡಿಯ ತೋಡು ದಾಟಿದನೆಂದರೆ ಮಾತ್ರ, ಅವನ ಸ್ವಂತ ಜಮೀನಿನಲ್ಲಿಯೇ ಅವನು ಪರವಾನಗಿಯ ವ್ಯಾಪ್ತಿ ಮೀರಿದವನಾಗುತ್ತಾನೆ. ಅದೂ ಅಪರಾಧವೇ. ಆದುದರಿಂದ ತಾವು ಕೊಳ್ಳುವ ತೋಟದ ಒಂದು ಮೂಲೆ ಆಚೆ ಚಾಚಿದ್ದರೆ, ಆ ಮೂಲೆಯ ಮಟ್ಟಿಗೆ ಕೋವಿಯನ್ನು ಮರೆತುಬಿಡುವುದೇ ಒಳ್ಳೆಯದು.

ಹಿಡಿದು ಓಡಾಡುವ ವಿಷಯಕ್ಕೆ ಬರೋಣ. 2016ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಉದ್ದದ ಕೋವಿಯನ್ನು ಚೀಲದೊಳಗೆ ಪೂರ್ತಿ ಮುಚ್ಚಿಕೊಂಡು, ತನ್ನ ಹಿಡಿತದಲ್ಲಿಟ್ಟುಕೊಂಡೇ ಒಯ್ಯಬೇಕು. ಎತ್ತಿ ಝಳಪಿಸುವುದು, ಗಾಳಿಗೆ ಗುಂಡು ಹಾರಿಸುವುದು ನಿಷಿದ್ಧ. ಉತ್ತರದ ಮದುವೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸುವ ಸುದ್ದಿಯನ್ನು ನಾವು ಬೆರಗಿನಿಂದ ಓದುತ್ತೇವೆ, ಏಕೆಂದರೆ ನಮ್ಮ ಮದುವೆಯ ಚಪ್ಪರಕ್ಕೆ ಯಾರಾದರೂ ಕೋವಿ ತಂದರೆ ಹುಡುಗಿಯ ಕಡೆಯವರು ಮುಹೂರ್ತಕ್ಕೆ ಮೊದಲೇ ಎದ್ದು ಹೋದಾರು. ಬೆಡಿಯ ಸದ್ದು ಬೇಕೆನ್ನುವವರಿಗೆ ಕುಂಬಳೆಯ ಗೋಪಾಲಕೃಷ್ಣ ದೇವರ ಜಾತ್ರೆಯ ಸುಡುಮದ್ದು ಇದೆ. ನಮ್ಮ ಜಿಲ್ಲೆಯ ದಕ್ಷಿಣಕ್ಕೆ ಕಣ್ಣೂರಿನ ರಾಜಕೀಯ ಘರ್ಷಣೆಗಳಲ್ಲಿಯೂ ನಾಡಬಾಂಬು, ಕತ್ತಿಗಳ ಹೆಸರು ಕೇಳಿಬರುವಷ್ಟು ಕೋವಿಯ ಹೆಸರು ಕೇಳಿಬರುವುದಿಲ್ಲ. ವ್ಯಾಪಾರಿಯೊಬ್ಬ ಆತ್ಮರಕ್ಷಣೆಗೆಂದು ಪಿಸ್ತೂಲಿಗೆ ಅರ್ಜಿ ಹಾಕಿದ್ದಾನೆಂಬ ಮಾತು ಹರಡಿದರೆ, ಅವನಿಗೆ ಧೈರ್ಯ ಬಂತೆಂದು ಯಾರೂ ತಿಳಿಯುವುದಿಲ್ಲ. ಅವನು ಯಾರ ಹಣಕ್ಕೆ ಕೈ ಹಾಕಿದ್ದಾನೆಂದು ವಿಚಾರಿಸುತ್ತಾರೆ. ತೋಟದ ಕೋವಿಯ ವಿಷಯದಲ್ಲಿ ಜನರ ನಡವಳಿಕೆ ಪೂರ್ತಿ ಬೇರೆ. ರಾತ್ರಿ ಒಂದು ಈಡು ಕೇಳಿದರೆ ನೆರೆಮನೆಯವರು ಮಗ್ಗುಲು ಬದಲಿಸಿ ಮಲಗುತ್ತಾರೆ, ಮರುದಿನ ಹಾಲಿನ ಸೊಸೈಟಿಯಲ್ಲಿ ‘ಅಣ್ಣಾ, ಸಿಕ್ಕಿತೇ, ಓಡಿತೇ?’ ಎಂದು ಕೇಳುತ್ತಾರೆ. ಪೊಲೀಸರಿಗೆ ಫೋನು ಮಾಡುವ ಆಲೋಚನೆ ಯಾರ ತಲೆಗೂ ಬರುವುದಿಲ್ಲ.

ಆದರೆ ಸಿಕ್ಕಿತೇ ಎಂಬ ಆ ಪ್ರಶ್ನೆಗೆ ಉತ್ತರ ಕೊಡುವುದು ಈಗ ಸುಲಭವಲ್ಲ. ಕೋವಿಯ ಪರವಾನಗಿ ಎಂದರೆ ಪ್ರಾಣಿಯನ್ನು ಕೊಲ್ಲುವ ಪರವಾನಗಿಯಲ್ಲ ಎಂಬ ಸಂಗತಿ ಹೊರಗಿನಿಂದ ಬಂದವರಿಗೆ ಎಲ್ಲಕ್ಕಿಂತ ತಡವಾಗಿ ಅರ್ಥವಾಗುತ್ತದೆ. ಬೆಳೆ ರಕ್ಷಣೆಗೆಂದು ಕಾಗದದಲ್ಲಿ ಬರೆದಿದ್ದರೂ, ಹಂದಿ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಅದು ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ, ಬಾಳೆ ಉಳಿಸಿಕೊಳ್ಳಲು ಹೊಡೆದರೆ ಅಪರಾಧ. ಹಂದಿಯನ್ನು ಉಪದ್ರವಕಾರಿ ಪ್ರಾಣಿಯೆಂದು ಘೋಷಿಸಬೇಕೆಂಬ ಕೇರಳದ ಬೇಡಿಕೆಗೆ ಕೇಂದ್ರ ಒಪ್ಪದೆ ಹೋದಾಗ, ರಾಜ್ಯ ಸರಕಾರ 2022ರಲ್ಲಿ ಬೇರೆಯೇ ಹಾದಿ ಹಿಡಿಯಿತು: ಪಂಚಾಯತು ಅಧ್ಯಕ್ಷರಿಗೆ ಗೌರವ ವನ್ಯಜೀವಿ ಪರಿಪಾಲಕರ ಸ್ಥಾನ ಕೊಟ್ಟು, ಹಾವಳಿ ಮಾಡುವ ಹಂದಿಯನ್ನು ಪರವಾನಗಿ ಉಳ್ಳವರಿಂದ ಹೊಡೆಸಲು ಆದೇಶಿಸುವ ಅಧಿಕಾರವನ್ನು ಅವರ ಕೈಗೆ ಒಪ್ಪಿಸಿತು. ವಿಷ, ಸ್ಫೋಟಕ, ವಿದ್ಯುತ್ ತಂತಿ ಇವನ್ನು ಬಳಸುವಂತಿಲ್ಲ, ಸತ್ತ ಹಂದಿಯನ್ನು ಕ್ರಮಪ್ರಕಾರ ಹೂಳಬೇಕು, ಮಾಂಸ ತಿನ್ನುವಂತಿಲ್ಲ.

ಈ ವ್ಯವಸ್ಥೆ ಒಳ್ಳೆಯದೆಂದೇ ನನ್ನ ಅಭಿಪ್ರಾಯ. ನಿರ್ಧಾರ ತಿರುವನಂತಪುರದಿಂದ ಇಳಿದು ಪಂಚಾಯತು ಅಧ್ಯಕ್ಷರ ಮನೆಯ ಜಗಲಿಗೆ ಬಂತಲ್ಲ ಎಂಬುದೇ ಸಣ್ಣ ಸಂಗತಿಯಲ್ಲ. ತೊಡಕಿರುವುದು ಹೊಡೆಯುವವರ ಕೊರತೆಯಲ್ಲಿ. ಪರವಾನಗಿ ಇರುವವರು ಹೆಚ್ಚಿನವರು ವಯಸ್ಸಾದವರು, ರಾತ್ರಿ ತಲೆಗೆ ಟಾರ್ಚು ಕಟ್ಟಿಕೊಂಡು ಗುಡ್ಡ ಹತ್ತುವ ಕಾಲು ಅವರಿಗಿಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ ಅಥವಾ ಗಲ್ಫಿನಲ್ಲಿದ್ದಾರೆ. ಆದುದರಿಂದ ಪಂಚಾಯತುಗಳು ಬೇರೆ ಊರಿನಿಂದ ಗುರಿಕಾರರನ್ನು ಕರೆಸಬೇಕಾಗುತ್ತದೆ, ಅವರು ಬರುವ ರಾತ್ರಿಯೇ ಹಂದಿಯೂ ಬರಬೇಕಾಗುತ್ತದೆ.

ಹೊಸಬರಿಗೆ ಕೋವಿ ದಾಟಿಸುವ ದಾರಿ ಕಾನೂನಿನಲ್ಲಿ ಇಲ್ಲದಿಲ್ಲ. ಪರವಾನಗಿದಾರನಿಗೆ 70 ವರ್ಷವಾದ ಮೇಲೆ ಅಥವಾ ಕೋವಿ ಅವನ ಕೈಯಲ್ಲಿ 25 ವರ್ಷ ಇದ್ದ ಮೇಲೆ ಅದನ್ನು ವಾರಸುದಾರನೊಬ್ಬನ ಹೆಸರಿಗೆ ಮಾಡಬಹುದು, ಉಳಿದ ವಾರಸುದಾರರ ಒಪ್ಪಿಗೆ ಇದ್ದರಾಯಿತು. ಆದರೆ ತೋಟವನ್ನು ಪಾಲು ಮಾಡಬಹುದು, ಕೋವಿಯನ್ನು ಪಾಲು ಮಾಡಲಾಗದು. ನಮ್ಮ ನೆರೆಯ ಒಂದು ಮನೆಯಲ್ಲಿ ಯಜಮಾನರು ತೀರಿಹೋದಾಗ, ಹೊಳೆಬದಿಯ ತೋಟ ಯಾರಿಗೆ ಎಂಬ ತಕರಾರು ಮುಗಿಯುವ ಮೊದಲು ಕೋವಿಯ ಒಪ್ಪಿಗೆ ಪತ್ರಕ್ಕೆ ರುಜು ಹಾಕಲು ಒಬ್ಬ ತಮ್ಮ ಒಪ್ಪಲಿಲ್ಲ. ಅವನಿಗೆ ಕೋವಿ ಬೇಕಾಗಿರಲಿಲ್ಲ, ಆ ರುಜುವಿನ ಬೆಲೆ ಬೇಕಿತ್ತು. ಅಷ್ಟು ಕಾಲವೂ ಕೋವಿ ಠಾಣೆಯಲ್ಲಿತ್ತು. ಠಾಣೆಯ ಕೊಠಡಿಯಲ್ಲಿ ಮಳೆಗಾಲ ಕಳೆದ ಕೋವಿಯ ನಳಿಗೆ ಹೇಗಿರುತ್ತದೆಂಬುದನ್ನು ಕರಾವಳಿಯ ತೇವವನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಚುನಾವಣೆ ಬಂದಾಗಲೂ ಅದೇ ಕಥೆ. ನೀತಿ ಸಂಹಿತೆ ಜಾರಿಯಾಗುತ್ತಲೇ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಸೂಚನೆ ಬರುತ್ತದೆ. ವಿನಾಯಿತಿ ಕೇಳುವವರ ಅರ್ಜಿಯನ್ನು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ನೋಡುತ್ತದೆ. ಬ್ಯಾಂಕಿನ ಕಾವಲುಗಾರರಿಗೆ ಅದು ಸುಲಭ, ಬೆಳೆಗಾರನಿಗೆ ಕಷ್ಟ. 2024ರ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೆ, ಮತ ಎಣಿಕೆ ಜೂನ್ 4ಕ್ಕೆ. ಗುಡ್ಡದಲ್ಲಿ ನೀರೂ ಮೇವೂ ಬತ್ತಿ ಪ್ರಾಣಿಗಳು ತೋಟಕ್ಕೆ ಇಳಿಯುವ ಕಾಲವೇ ಅದು. ಕೇರಳದಲ್ಲಿ ವಿಧಾನಸಭೆಯ ಚುನಾವಣೆ ಒಂದು ವರ್ಷ, ಕರ್ನಾಟಕದಲ್ಲಿ ಇನ್ನೊಂದು ವರ್ಷ. ಹೀಗಾಗಿ ಒಂದು ಬದಿಯ ಕೋವಿಗಳೆಲ್ಲ ಠಾಣೆಯಲ್ಲಿರುವಾಗ ಹಂದಿಗಳಿಗೆ ಆ ಬದಿಯಲ್ಲಿ ಹಬ್ಬ. ಮತದಾರರ ಪಟ್ಟಿಯಲ್ಲಿ ಇಲ್ಲದ ಪ್ರಾಣಿಗಳಿಗೆ ಪ್ರಜಾಪ್ರಭುತ್ವದ ಲಾಭ ಹೀಗೆ ತಲುಪುತ್ತದೆ.

ಮಂಗಗಳ ವಿಚಾರದಲ್ಲಿ ಕೋವಿಯ ಮಾತೇ ಬೇಡ. ಸೀಯಾಳವನ್ನು ಕೆಡವಿ ಹಾಳುಮಾಡುವ ನಮ್ಮ ಊರಿನ ಮಂಗ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ಬಳಿಕ ಅತಿ ಹೆಚ್ಚು ರಕ್ಷಣೆಯುಳ್ಳ ಮೊದಲ ಅನುಸೂಚಿಯಲ್ಲಿದೆ. ನವಿಲೂ ಅಲ್ಲಿಯೇ ಇದೆ. ಕೆಲವರು ಏರ್‌ಗನ್ ಇಟ್ಟುಕೊಂಡಿರುತ್ತಾರೆ. 0.177 ಅಂಗುಲದ ನಳಿಗೆಯ, ಹೊಡೆತದ ಶಕ್ತಿ 20 ಜೂಲ್ ಮೀರದ ಏರ್‌ಗನ್‌ಗೆ ಪರವಾನಗಿ ಬೇಡ ಎಂಬುದು ನಿಜ, ಆದರೆ ಅದರಿಂದ ಮಂಗಕ್ಕೆ ಗಾಯ ಮಾಡಿದರೆ ಕೇಸು ಬೀಳುತ್ತದೆ ಎಂಬುದೂ ಅಷ್ಟೇ ನಿಜ. ಸದ್ದಿನಿಂದ ಹೆದರಿಸಬಹುದು, ಎರಡು ವಾರದಲ್ಲಿ ಮಂಗ ಆ ಸದ್ದಿಗೂ ಒಗ್ಗಿಕೊಳ್ಳುತ್ತದೆ.

ಪರವಾನಗಿಯಿಲ್ಲದ ನಾಡಕೋವಿಗಳ ಬಗ್ಗೆ ಹೇಳದೆ ಬಿಟ್ಟರೆ ಅರ್ಧ ಸತ್ಯ ಹೇಳಿದಂತಾದೀತು. ಘಟ್ಟದ ಬುಡದಲ್ಲಿ ಅಂತಹವು ಸಿಕ್ಕಿಬಿದ್ದ ಸುದ್ದಿ ಆಗಾಗ ಬರುತ್ತದೆ. ಅದನ್ನು ತಯಾರಿಸುವವನಿಗೆ ಈಗ ಕನಿಷ್ಠ ಏಳು ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ. ಹಂದಿಯ ದಾರಿಗೆ ತಂತಿ ಬಿಗಿದು ಕಟ್ಟಿಟ್ಟ ಕೋವಿ ಹಂದಿಯನ್ನೂ ಸೊಪ್ಪಿಗೆ ಹೋದ ಹೆಂಗಸನ್ನೂ ಬೇರೆಬೇರೆಯಾಗಿ ನೋಡುವುದಿಲ್ಲ. ಊರು ಯಾವ ಕೋವಿಯನ್ನಾದರೂ ನಿಜವಾಗಿ ಹೇಸುವುದಿದ್ದರೆ ಅದು ಇದನ್ನು. ಕಾಗದದ ದಾರಿ ಇಷ್ಟು ಉದ್ದವಾದದ್ದರಿಂದಲೇ ಜನ ಕಳ್ಳದಾರಿ ಹಿಡಿಯುತ್ತಾರೆ ಎಂದು ವಾದಿಸುವವರಿದ್ದಾರೆ. ಆ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ಹಾಗೆ ಕಟ್ಟುವವರಲ್ಲಿ ಹಲವರ ಕಣ್ಣು ಬೆಳೆಯ ಮೇಲಲ್ಲ, ಮಾಂಸದ ಮೇಲಿರುತ್ತದೆ.

ತಾವು ತೋಟ ಕೊಳ್ಳುವುದೇ ನಿಶ್ಚಯವಾದರೆ, ಮೊದಲ ವರ್ಷ ಕೋವಿಯ ಅರ್ಜಿಗಾಗಿ ಓಡಾಡುವ ಬದಲು ಗುಡ್ಡದ ಬದಿಗೆ ಸೋಲಾರ್ ಬೇಲಿ ಹಾಕಿಸಿರಿ, ಅದರ ಬುಡದ ಹುಲ್ಲನ್ನು ಮಳೆಗಾಲದಲ್ಲಿ ತಪ್ಪದೆ ಸವರಿಸಿರಿ, ಇಲ್ಲವಾದರೆ ಕರೆಂಟು ಭೂಮಿಗಿಳಿದು ಬೇಲಿ ಬರಿಯ ತಂತಿಯಾಗುತ್ತದೆ. ಪಂಚಾಯತಿನ ಪಟ್ಟಿಯಲ್ಲಿರುವ ಗುರಿಕಾರರು ಯಾರೆಂದು ವಾರ್ಡಿನ ಸದಸ್ಯರಲ್ಲಿ ಕೇಳಿ ನಂಬರು ಬರೆದಿಟ್ಟುಕೊಳ್ಳಿರಿ. ಮಾರುವವರ ಮನೆಯಲ್ಲಿ ಹಳೆಯ ಕೋವಿಯೊಂದಿದ್ದು, ತೋಟದ ಜೊತೆಗೆ ಇದೂ ಇರಲಿ ಎಂದು ಅವರು ಪ್ರೀತಿಯಿಂದ ಕೊಡಲು ಬಂದರೆ ಕೈಯಲ್ಲಿ ಮುಟ್ಟದೆ, ಅದನ್ನು ಅವರ ಹೆಸರಿನಲ್ಲಿಯೇ ಠಾಣೆಗೆ ಒಪ್ಪಿಸಿ ರಶೀದಿ ಪಡೆಯುವಂತೆ ಹೇಳಿರಿ. ಕ್ರಯಪತ್ರಕ್ಕೆ ರುಜು ಹಾಕುವುದು ಆಮೇಲೆ.