ಜೆಟ್ಟೋ, ಪ್ರೊಪೆಲ್ಲರೋ? ಮೊದಲು ಲಾಗ್‌ಬುಕ್ ನೋಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: ಪೈಲಟ್ ಆಗಿ ಮೊದಲ ಕೆಲಸಕ್ಕೆ ಜೆಟ್ ಒಳ್ಳೆಯದೋ, ಪ್ರೊಪೆಲ್ಲರ್ ವಿಮಾನವೋ? ಹೋದ ತಿಂಗಳೂ ಅದೇ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಸಿಪಿಎಲ್ ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಟೈಪ್ ರೇಟಿಂಗ್ ಅಂದರೆ ಒಂದು ಮಾದರಿಯ ವಿಮಾನ ಹಾರಿಸಲು ಬೇಕಾದ ಅರ್ಹತೆ. ಇದಕ್ಕಿಂತ ಹೆಚ್ಚು ಬಿಡಿಸಿ ಹೇಳುತ್ತಾ ಕೂರುವುದಿಲ್ಲ. ಅಷ್ಟು ಗೊತ್ತಿಲ್ಲದವರ ಕೈಗೆ ಆಫರ್ ಲೆಟರ್ ಬರುವುದೂ ಇಲ್ಲ.

ಪ್ರಶ್ನೆ: ನನಗೆ 24 ವರ್ಷ. 200 ಗಂಟೆ ಹಾರಿ ಸಿಪಿಎಲ್ ಮುಗಿಸಿದ್ದೇನೆ. ಅಪ್ಪ ಅಡಿಕೆ ತೋಟ ಅಡ ಇಟ್ಟು ಓದಿಸಿದ್ದಾರೆ. ಈಗ ಎರಡು ಆಫರ್ ಇವೆ. ಒಂದು, ಏರ್‌ಲೈನ್‌ನಲ್ಲಿ ಪ್ರೊಪೆಲ್ಲರ್ ವಿಮಾನ ಎಟಿಆರ್ 72ರ ಕೋ-ಪೈಲಟ್. ಇನ್ನೊಂದು, ಚಾರ್ಟರ್ ಕಂಪನಿಯ ಸಣ್ಣ ಬಿಸಿನೆಸ್ ಜೆಟ್. ಈ ಜೆಟ್ ಕೆಲಸಕ್ಕೆ ಸಂಬಳ 40 ಸಾವಿರ ಜಾಸ್ತಿ. ಪ್ರೊಪೆಲ್ಲರ್ ವಿಮಾನಕ್ಕೆ ಸೇರಿದರೆ ಮುಂದೆ ಏರ್‌ಬಸ್‌ನಂಥ ದೊಡ್ಡ ಜೆಟ್ ಸಿಗುವುದಿಲ್ಲ ಎನ್ನುತ್ತಾರೆ. ನಿಜವೇ? — ಚನ್ನಗಿರಿಯ ಓದುಗ

ಉತ್ತರ: ಎನ್ನುತ್ತಾರೆ, ಎನ್ನುತ್ತಾರೆ. ಯಾರಪ್ಪಾ ಎನ್ನುವವರು? ಎಟಿಆರ್‌ನಿಂದ ಶುರು ಮಾಡಿ ಏರ್‌ಬಸ್ ಕ್ಯಾಪ್ಟನ್ ಆದವರು ಈ ದೇಶದಲ್ಲಿ ಬೇಕಾದಷ್ಟು ಜನ ಇದ್ದಾರೆ. ಎಟಿಆರ್ ಹಾರುವುದು ಹೆಚ್ಚೆಂದರೆ 25 ಸಾವಿರ ಅಡಿ. ಅಂದರೆ ಮಳೆಗಾಲದ ಮೋಡದ ಮೇಲೆ ಹೋಗಿ ತಪ್ಪಿಸಿಕೊಳ್ಳುವ ಹಾಗಿಲ್ಲ, ಸುತ್ತು ಹಾಕಿಕೊಂಡೇ ಹೋಗಬೇಕು. ಜುಲೈನಲ್ಲಿ ಗುಡ್ಡದ ನೆತ್ತಿಯ ಮೇಲಿರುವ ಮಂಗಳೂರಿನ ಟೇಬಲ್‌ಟಾಪ್ ರನ್‌ವೇಯಲ್ಲಿ ಇಳಿಸುವುದು ಕ್ಯಾಪ್ಟನ್ ಕೆಲಸ. ನೀವು ಪಕ್ಕದಲ್ಲಿ ಕೂತು ನೋಡುತ್ತೀರಿ. ಆ ನೋಟಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಕ್ಯಾಪ್ಟನ್ ಆಗಬೇಕಾದರೆ ಎಟಿಪಿಎಲ್, ಅಂದರೆ ಏರ್‌ಲೈನ್ ಪೈಲಟ್ ಲೈಸೆನ್ಸ್ ಬೇಕು. ಅದಕ್ಕೆ 1500 ಗಂಟೆ. ನಿಮ್ಮ ಹತ್ತಿರ 200 ಇದೆ, ಇನ್ನು 1300. ತಿಂಗಳಿಗೆ 70 ಗಂಟೆ ಹಾರಿದರೆ 19 ತಿಂಗಳು. 25 ಗಂಟೆ ಹಾರಿದರೆ 52 ತಿಂಗಳು. ಚಾರ್ಟರ್‌ನಲ್ಲಿ ಮಾಲೀಕರ ಮೀಟಿಂಗ್ ಮುಗಿಯುವ ತನಕ ಹೋಟೆಲ್ ರೂಮಿನಲ್ಲಿ ಕೂತಿರುವುದೂ ಡ್ಯೂಟಿಯೇ. ಆದರೆ ಹಾರಿದ ಗಂಟೆ ಬರೆಯುವ ಲಾಗ್‌ಬುಕ್‌ನಲ್ಲಿ ಅದಕ್ಕೆ ಕಾಲಂ ಇಲ್ಲ. ಇನ್ನೊಂದು ವಿಷಯ: ಒಬ್ಬನೇ ಪೈಲಟ್ ಸಾಕು ಎಂದು ಸರ್ಟಿಫಿಕೇಟ್ ಪಡೆದ ಸಣ್ಣ ವಿಮಾನಗಳಿವೆ. ಅಂಥದರಲ್ಲಿ ಕೋ-ಪೈಲಟ್ ಆಗಿ ಹಾರಿದ ಗಂಟೆ ಎಟಿಪಿಎಲ್‌ಗೆ ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ. ನಿಮಗೆ ಸಿಕ್ಕಿರುವುದು ಯಾವ ಜೆಟ್ ಎಂದು ಪತ್ರದಲ್ಲಿ ಬರೆದೇ ಇಲ್ಲ! ಸಂಬಳ ಮಾತ್ರ ಬರೆದಿದ್ದೀರಿ.

ಹಾಗಂತ ಎಟಿಆರ್ ಎಂದ ತಕ್ಷಣ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಬಾಂಡ್ ಓದಿ, ಅಂದರೆ ಇಷ್ಟು ಕಾಲ ಕೆಲಸ ಬಿಡುವುದಿಲ್ಲ, ಬಿಟ್ಟರೆ ದುಡ್ಡು ಕಟ್ಟುತ್ತೇನೆ ಎನ್ನುವ ಕರಾರು. ಬಾಂಡ್ ಶುರುವಾಗುವುದು ಸೇರಿದ ದಿನದಿಂದಲೋ, ಟ್ರೇನಿಂಗ್ ಮುಗಿದು ಮಾಮೂಲಿ ಹಾರಾಟಕ್ಕೆ ಬಿಟ್ಟ (ಲೈನ್ ರಿಲೀಸ್) ದಿನದಿಂದಲೋ? ತಿಂಗಳು ಕಳೆದಂತೆ ಮೊತ್ತ ಇಳಿಯುತ್ತದೆಯೋ, ಕೊನೆಯ ದಿನದವರೆಗೂ ಪೂರ್ತಿ ಕಟ್ಟಬೇಕೋ? ಪೂರ್ತಿ ಸಂಬಳ ಯಾವಾಗಿನಿಂದ? ಮೂಲ ಅಂಕಪಟ್ಟಿ, ಖಾಲಿ ಚೆಕ್ ಕೇಳಿದರೆ ಎದ್ದು ಬನ್ನಿ. ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎಯ 2017ರ ನಿಯಮದ ಪ್ರಕಾರ ಏರ್‌ಲೈನ್ ಕೋ-ಪೈಲಟ್ ಬಿಡಬೇಕಾದರೆ 6 ತಿಂಗಳು ಮೊದಲೇ ನೋಟಿಸ್ ಕೊಡಬೇಕು. 'ಆಮೇಲೆ ನೋಡಿಕೊಂಡರಾಯಿತು' ಎನ್ನುವ ಮಾತು ಈ ಕೆಲಸದಲ್ಲಿ ನಡೆಯುವುದಿಲ್ಲ.

ಇದನ್ನೆಲ್ಲ ಎಚ್‌ಆರ್‌ನವರನ್ನು ಕೇಳಬೇಡಿ. ಸಿಹಿ ಮಾತು ಅವರ ಕೆಲಸ. ಎರಡು ವರ್ಷದ ಹಿಂದೆ ಸೇರಿದ ಕೋ-ಪೈಲಟ್ ಒಬ್ಬನನ್ನು ಹುಡುಕಿ. ಕಾಫಿ ಕುಡಿಸಿ, ಲಾಗ್‌ಬುಕ್ ತೋರಿಸಪ್ಪಾ ಅನ್ನಿ. ಹೋದ 12 ತಿಂಗಳಲ್ಲಿ ಎಷ್ಟು ಗಂಟೆ ಹಾರಿದ್ದಾನೆ, ಅವನ ಬ್ಯಾಚಿನಲ್ಲಿ ಎಷ್ಟು ಜನ ಟ್ರೇನಿಂಗ್‌ಗೆ ಕಾಯುತ್ತಾ ಮನೆಯಲ್ಲಿದ್ದಾರೆ, ಸಂಬಳ ಯಾವ ತಾರೀಖಿಗೆ ಬರುತ್ತದೆ. ಈ ಮೂರು ಸಾಕು.

ಸಂಬಳದ ತಾರೀಖು ಯಾಕೆ ಅಂದರೆ, ನಾನು ಸುಟ್ಟುಕೊಂಡವನು. 1990ರ ದಶಕದಲ್ಲಿ ಖಾಸಗಿ ಏರ್‌ಲೈನ್‌ಗಳು ಒಂದರ ಹಿಂದೊಂದು ಹುಟ್ಟಿದವು. ದೊಡ್ಡ ಜೆಟ್ ಸಿಗುತ್ತದೆಂದು ನಾನೂ ಒಂದಕ್ಕೆ ಹಾರಿದೆ. ಹೆಸರು ಬೇಡ. ಮೊದಲು ಸಂಬಳ 7ಕ್ಕೆ ಬರುತ್ತಿತ್ತು, ಆಮೇಲೆ 20ಕ್ಕೆ, ಆಮೇಲೆ ಇಲ್ಲವೇ ಇಲ್ಲ. 14 ತಿಂಗಳಿಗೆ ಬಾಗಿಲು ಹಾಕಿದರು. ಬಾಕಿ ಸಂಬಳ ಇನ್ನೂ ಬಂದಿಲ್ಲ, ಬರುವುದೂ ಇಲ್ಲ ಬಿಡಿ. ಆಮೇಲೆ 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ನಿಂತವು. ಆದ್ದರಿಂದ ನನ್ನ ಮಾತಿನಲ್ಲಿ ಹೆದರಿಕೆ ಸ್ವಲ್ಪ ಜಾಸ್ತಿಯೇ ಇರಬಹುದು.

ಬಾಂಡ್ ಸರಿಯಿದ್ದರೆ ಎಟಿಆರ್‌ಗೆ ಹೋಗಿ. ಸರಿಯಿಲ್ಲದಿದ್ದರೆ ಎರಡನ್ನೂ ಬಿಟ್ಟು ಮೂರು ತಿಂಗಳು ಕಾಯಿರಿ. ಅಡ ಇಟ್ಟ ತೋಟದ ಬಡ್ಡಿ ಓಡುತ್ತಿರುತ್ತದೆ, ಗೊತ್ತು. ಆದರೂ ಕಾಯಿರಿ.

ಪ್ರಶ್ನೆ: ಏರ್‌ಲೈನ್ ಸಿಗುವವರೆಗೆ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ ಆದರೆ ವರ್ಷ ವೇಸ್ಟ್ ಅಲ್ವಾ?

ಉತ್ತರ: ಅಲ್ಲ.

ಪ್ರಶ್ನೆ: ಹತ್ತು ಲಕ್ಷ ಕೊಟ್ಟರೆ ಕೆಲಸ ಗ್ಯಾರಂಟಿ, ಬೇಕಾದರೆ ಲಾಗ್‌ಬುಕ್‌ಗೆ ಗಂಟೆಯೂ ಸೇರಿಸಿಕೊಡುತ್ತೇನೆ ಎಂದು ಏಜೆಂಟ್ ಹೇಳುತ್ತಿದ್ದಾನೆ.

ಉತ್ತರ: ಹಾರದೆ ಬರೆದ ಗಂಟೆಗೆ ನಮ್ಮಲ್ಲಿ 'ಪಾರ್ಕರ್ ಪೆನ್ ಗಂಟೆ' ಎನ್ನುತ್ತಾರೆ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳನ್ನು ಪೊಲೀಸರು ಹಿಡಿದು ಒಳಗೆ ಹಾಕಿದರು. ಆ ಏಜೆಂಟ್ ನಂಬರ್ ಬ್ಲಾಕ್ ಮಾಡಿ.

ಪ್ರಶ್ನೆ: ಕನ್ನಡಕ ಇದ್ದರೆ ಪೈಲಟ್ ಆಗಬಹುದೇ?

ಉತ್ತರ: ಆಗಬಹುದು. ನೂರನೇ ಸಲ ಹೇಳುತ್ತಿದ್ದೇನೆ.

ಪ್ರಶ್ನೆ: ಹೆಸರಿಗೆ ಇನ್ನೊಂದು 'ಎ' ಸೇರಿಸಿದರೆ ಇಂಟರ್‌ವ್ಯೂ ಪಾಸಾಗುತ್ತದೆ ಎಂದು ಸಂಖ್ಯಾಶಾಸ್ತ್ರದವರು ಹೇಳಿದ್ದಾರೆ. ಸೇರಿಸಲೇ?

ಉತ್ತರ: ಸೇರಿಸಿ. ಆಮೇಲೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಎಂದು ಡಿಜಿಸಿಎ ನಿಮ್ಮ ಅರ್ಜಿ ವಾಪಸ್ ಕಳಿಸಿದಾಗ, ಫೀಸನ್ನು ಆ ಸಂಖ್ಯಾಶಾಸ್ತ್ರದವರ ಹತ್ತಿರವೇ ವಸೂಲಿ ಮಾಡಿ.