ಬಾಣಲೆ ಬೆಂಕಿಗೆ ಒಂದು, ಕರೆಂಟ್ ಬೆಂಕಿಗೆ ಇನ್ನೊಂದು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ದಾವಣಗೆರೆಲಿ ನಮ್ಮದೊಂದು ಚಿಕ್ಕ ಮಂಡಕ್ಕಿ-ಮಿರ್ಚಿ ಅಂಗಡಿ. 2 ಕೆಜಿ ಎಬಿಸಿ ಪೌಡರ್ ಫೈರ್ ಎಕ್ಸ್‌ಟಿಂಗ್ವಿಶರ್ ತಂದು ಒಲೆ ಮೇಲಿನ ಗೋಡೆಗೆ ನೇತಾಕಿದೀವಿ. ಮೊನ್ನೆ ಬಾಣಲೆ ಎಣ್ಣೆಗೆ ಬೆಂಕಿ ಹತ್ಕೊಳ್ತು, ಹುಡುಗ ಜಗ್ ತಗೊಂಡು ನೀರು ಎರಚೋಕೆ ಹೋದ, ಕೈ ಹಿಡ್ಕೊಂಡು ನಿಲ್ಲಿಸಿದೆ, ದೊಡ್ಡ ತಟ್ಟೆ ಮುಚ್ಚಿದ್ವಿ, ಆರ್ತು. ಈ ಪೌಡರ್ ಸಾಕಾ?

ಉತ್ತರ: ನೀವು ಆ ಹುಡುಗನ ಕೈ ಹಿಡ್ಕೊಂಡ್ರಲ್ಲ, ಅವತ್ತು ಅವನ ಮುಖ ಉಳೀತು ಸರ್. ನೀರು ಎಣ್ಣೆಗಿಂತ ಭಾರ, ಕೆಳಗಿಳಿಯುತ್ತೆ, ಇಳಿದ ತಕ್ಷಣ ಆವಿ ಆಗುತ್ತೆ, ಒಂದು ಲೋಟ ನೀರು ಆವಿಯಾದ್ರೆ ಸುಮಾರು 1,700 ಲೋಟದಷ್ಟು ಜಾಗ ಬೇಕು, ಆ ಆವಿ ಉರೀತಿರೋ ಎಣ್ಣೆನ ಚಾವಣಿವರೆಗೆ ಎತ್ತಿ ಎಸೆಯುತ್ತೆ.

ಪೌಡರ್ ವಿಷಯಕ್ಕೆ ಬಂದ್ರೆ, ಪೇಪರ್, ಬಟ್ಟೆ, ಕಟ್ಟಿಗೆ, ಪೆಟ್ರೋಲ್, ಗ್ಯಾಸ್ ಎಲ್ಲಕ್ಕೂ ಎಬಿಸಿ ಆಗುತ್ತೆ, ಅದಕ್ಕೇ ಎಲ್ಲರೂ ಅದನ್ನೇ ತಗೊಳ್ಳೋದು. ಆದ್ರೆ ಕಾದ ಎಣ್ಣೆಗೆ ಅದು ಅರ್ಧ ಕೆಲಸ ಅಷ್ಟೇ. ಉರಿ ಆರುತ್ತೆ, ಎಣ್ಣೆ ಮಾತ್ರ ಬಿಸಿಯಾಗೇ ಇರುತ್ತೆ, ಪೌಡರ್ ಖಾಲಿಯಾದ ಮೇಲೆ ಮತ್ತೆ ತಾನೇ ಹತ್ಕೊಳ್ಳುತ್ತೆ. ಹತ್ತಿರದಿಂದ ಹೊಡೆದ್ರೆ ಆ ರಭಸಕ್ಕೆ ಎಣ್ಣೆ ಸಿಡಿಯೋದೂ ಉಂಟು. ಕರಿಯೋ ಅಂಗಡಿಗೆ ಬೇಕಾಗಿರೋದು ವೆಟ್ ಕೆಮಿಕಲ್, ಅಂಗಡಿಯವರು ಕೆ ಟೈಪ್ ಅಂತಾರೆ. ಅದರ ದ್ರಾವಣ ಎಣ್ಣೆ ಮೇಲೆ ಬಿದ್ದು ಸೋಪಿನ ನೊರೆ ಥರ ಪದರ ಕಟ್ಟುತ್ತೆ, ಎಣ್ಣೆನೂ ತಣ್ಣಗಾಗುತ್ತೆ. ರೇಟು ಜಾಸ್ತಿನೇ, ಆದ್ರೂ ದಿನಾ ಬಾಣಲೆ ಮುಂದೆ ನಿಲ್ಲೋರು ತಗೊಳ್ಳಿ ಅಂತಲೇ ನಾನು ಹೇಳೋದು. ಪೌಡರ್‌ದೂ ಇರಲಿ, ಆದ್ರೆ ಒಲೆ ಮೇಲಿಂದ ಇವತ್ತೇ ತೆಗೆದು ಬಾಗಿಲ ಪಕ್ಕ ಹಾಕಿ. ಉರಿ ದಾಟಿ ಕೈ ಚಾಚಬೇಕು ಅಂದ್ರೆ ಅದು ಇದ್ದೂ ಇಲ್ಲದ ಹಾಗೆ. ಬಾಣಲೆಗೆ ಸರಿಹೊಂದೋ ಮುಚ್ಚಳ ಒಂದು ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ, ಮುಚ್ಚಿ, ಗ್ಯಾಸ್ ಆಫ್ ಮಾಡಿ, ಪೂರ್ತಿ ಆರೋವರೆಗೆ ತೆಗೀಬೇಡಿ.

ಇನ್ನೊಂದು ಮಾತು, ಗ್ಯಾಸ್ ಪೈಪಿಗೆ ಬೆಂಕಿ ಹತ್ತಿದ್ರೆ ಮೊದ್ಲು ರೆಗ್ಯುಲೇಟರ್ ಆಫ್. ಗ್ಯಾಸ್ ನಿಲ್ಲಿಸದೆ ಬರೀ ಉರಿ ಆರಿಸಿದ್ರೆ ಎಲ್‌ಪಿಜಿ ಗಾಳಿಗಿಂತ ಭಾರ ಅಲ್ವಾ, ನೆಲದ ಮೇಲೆ ಹರಡ್ಕೊಂಡು ಕೂತಿರುತ್ತೆ, ಒಂದು ಕಿಡಿ ಸಾಕು. ಆಫ್ ಮಾಡೋಕೆ ಆಗ್ತಿಲ್ವಾ, ಎಲ್ಲರೂ ಹೊರಗೆ ಬಂದು 101 ಅಥವಾ 112ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ದು ಜೆರಾಕ್ಸ್ ಅಂಗಡಿ, ಯುಟ್ಯೂಬಲ್ಲಿ ಕರೆಂಟ್ ಬೆಂಕಿಗೆ ಸಿ ಕ್ಲಾಸ್ ಅಂತ ಹೇಳಿದ್ರು, ಇಲ್ಲಿ ಅಂಗಡಿಯವ್ರು ಸಿ ಅಂದ್ರೆ ಗ್ಯಾಸ್ ಅಂತಾರೆ. ಯಾವುದು ನಿಜ?

ಉತ್ತರ: ಎರಡೂ ನಿಜ ಮೇಡಂ. ನೀವು ನೋಡಿದ್ದು ಅಮೆರಿಕದ ವಿಡಿಯೋ ಇರ್ಬೇಕು, ಅಲ್ಲಿ ಸಿ ಅಂದ್ರೆ ಕರೆಂಟು. ನಮ್ಮಲ್ಲಿ ಎ ಅಂದ್ರೆ ಕಟ್ಟಿಗೆ-ಪೇಪರ್, ಬಿ ಅಂದ್ರೆ ಪೆಟ್ರೋಲ್ ಥರದ್ದು, ಸಿ ಗ್ಯಾಸು, ಡಿ ಲೋಹ. ಅಕ್ಷರ ಬಿಟ್ಟು ಏನು ಉರೀಬಹುದು ಅಂತ ಹೇಳಿ ತಗೊಳ್ಳಿ. ನಿಮ್ಮ ಮೆಷಿನ್‌ಗೆ ಸಿಒ2, ಅಂದ್ರೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ತುಂಬಿದ್ದು ಒಳ್ಳೇದು, ಏನೂ ಉಳಿಯಲ್ಲ, ಪೌಡರ್ ಆದ್ರೆ ಒಳಗೆ ಹೋಗಿ ಬೋರ್ಡು ತಿನ್ನುತ್ತೆ. ಮೊದ್ಲು ಮೇನ್ ಆಫ್ ಮಾಡಿ. ಹೊಡೆಯುವಾಗ ಆ ಕಪ್ಪು ಕೊಳವೆ ಬಾಯಿ ಹಿಡ್ಕೋಬೇಡಿ, ಕೈ ಚರ್ಮ ಕಿತ್ತು ಬರೋವಷ್ಟು ತಣ್ಣಗಾಗುತ್ತೆ. ಚಿಕ್ಕ ರೂಮಲ್ಲಿ ಉಸಿರಾಟಕ್ಕೂ ತೊಂದರೆ, ಹೊಡೆದು ಹೊರಗೆ ಬನ್ನಿ. ನಿಮ್ಮಲ್ಲಿ ಪೇಪರ್ ರಾಶಿನೂ ಇರುತ್ತಲ್ಲ, ಅದಕ್ಕೆ ಸಿಒ2 ಸಾಲಲ್ಲ, ಒಳಗೆ ಕೆಂಡ ಉಳಿಯುತ್ತೆ, ಹಾಗಾಗಿ ಒಂದು ಎಬಿಸಿನೂ ಇರಲಿ.

ಪ್ರಶ್ನೆ: ನಮ್ಮ ಪೌಡರ್ ಎಕ್ಸ್‌ಟಿಂಗ್ವಿಶರ್‌ನ ಮೀಟರ್ ಮುಳ್ಳು ಹಸಿರಲ್ಲೇ ಇದೆ, ತಂದು ಐದು ವರ್ಷ ಆಯ್ತು. ನಡೆಯುತ್ತಾ?

ಉತ್ತರ: ಬರೀ ಮುಳ್ಳು ನಂಬಬೇಡಿ. ಅದು ಒತ್ತಡ ಇದೆ ಅಂತ ಹೇಳುತ್ತೆ ಅಷ್ಟೇ. ನನ್ನ ಕೈಗೆ ಸರ್ವೀಸಿಗೆ ಬಂದ ಒಂದರಲ್ಲಿ ಮುಳ್ಳು ಹಸಿರಲ್ಲೇ ಇತ್ತು, ಬಿಚ್ಚಿ ನೋಡಿದ್ರೆ ಪೌಡರ್ ತಳದಲ್ಲಿ ಗಟ್ಟಿಯಾಗಿ ಕೂತಿತ್ತು, ಪೈಪಿನ ಬಾಯಲ್ಲಿ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿತ್ತು! ಆ ಮನೆಯವರು ಅದನ್ನ ನಂಬ್ಕೊಂಡು ನಿದ್ದೆ ಮಾಡ್ತಿದ್ರು, ನೆನೆಸ್ಕೊಂಡ್ರೆ ಈಗಲೂ ಎದೆ ಝಲ್ ಅನ್ನುತ್ತೆ. ತಿಂಗಳಿಗೊಮ್ಮೆ ಪಿನ್, ಸೀಲ್, ಪೈಪಿನ ಬಾಯಿ ನೋಡಿ, ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿ ತಾರೀಖಿನ ಚೀಟಿ ಕಟ್ಟಿಸ್ಕೊಳ್ಳಿ. ಒಂದು ಸಲ ಸ್ವಲ್ಪ ಒತ್ತಿ ನೋಡಿದ್ರೂ ರೀಫಿಲ್ ಮಾಡಿಸಲೇಬೇಕು, ವಾಲ್ವಲ್ಲಿ ಪೌಡರ್ ಸಿಕ್ಕೊಂಡು ಒತ್ತಡ ಮೆಲ್ಲಗೆ ಸೋರಿಹೋಗುತ್ತೆ. ಸಿಒ2 ಸಿಲಿಂಡರಿಗೆ ಮುಳ್ಳೇ ಇರಲ್ಲ, ತಕ್ಕಡಿಲಿ ತೂಗಬೇಕು, ಒಳಗಿನ ಗ್ಯಾಸ್ 10 ಪರ್ಸೆಂಟಿಗಿಂತ ಹೆಚ್ಚು ಕಮ್ಮಿಯಾಗಿದ್ರೆ ರೀಫಿಲ್‌ಗೆ ಕೊಡಿ.